ರಾಜೀವನ ಪ್ರಸ್ಥಾನ

ರಾಜೀವ ಹೆಂಡತಿಗೆ ಹೇಳಿದ ಸುಳ್ಳು ಬಹಳ ಸಣ್ಣದು. ‘ಪಾಸ್‌ಪೋರ್ಟ್ ತಗದು ನೋಡೀರೇನ್ರಿ?’ ಎಂದು ಪೂನಂ ಫೋನಿನಲ್ಲಿ ಕೇಳಿದಳು. ‘ನೋಡೀನಿ, ಎಲ್ಲಾ ಛಲೋ ಅದ’ ಅಂದ. ನೋಡಿರಲಿಲ್ಲ. ಫೋನಿಟ್ಟ ಮೇಲೆ ಟ್ರಂಕಿನ ತಳದಿಂದ ತೆಗೆದು ನೋಡಿದರೆ, ಅದರ ಆಯುಷ್ಯ ಇನ್ನು ಮೂರೇ ವಾರ ಉಳಿದಿತ್ತು. ಅವಳ ರಜೆಗೆ ಸರಿಯಾಗಿ ಅವನು ಅವಳಿದ್ದಲ್ಲಿಗೆ ಹೋಗಬೇಕಾದದ್ದು ಮುಂದಿನ ತಿಂಗಳು.

ಪೂನಂ ಮಾಲ್ದೀವ್ಸಿನ ಒಂದು ಸಣ್ಣ ದ್ವೀಪದ ಆಸ್ಪತ್ರೆಯಲ್ಲಿ ನರ್ಸು. ಹೋಗಿ ಮೂರು ವರ್ಷವಾಗಿತ್ತು. ರಾಜೀವ ಹುಮನಾಬಾದಿನಲ್ಲಿ ಹೈವೇ ಪಕ್ಕ ಆಟೋ, ಟ್ರ್ಯಾಕ್ಟರುಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದ. ದಿನಾ ರಾತ್ರಿ ನೀರಿನ ಚರಗಿಗೆ ಮೊಬೈಲು ಆನಿಸಿಟ್ಟು, ಅದರೊಳಗಿನ ಹೆಂಡತಿಯ ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದ. ಊಟವಾದ ಮೇಲೆ ಅವಳು ಫೋನನ್ನು ಕಿಟಕಿಯಾಚೆ ಹಿಡಿದು ಸಮುದ್ರ ತೋರಿಸುತ್ತಿದ್ದಳು.

‘ಕೇಳಸ್ತದೇನ್ರಿ?’

‘ಕೇಳಸ್ತದ.’

ನೀರನ್ನು ಹೆಚ್ಚಾಗಿ ಟ್ಯಾಂಕರಿನಲ್ಲೇ ಕಂಡಿದ್ದ ಮನುಷ್ಯ ಅವನು. ಅವಳು ಫೋನಿಟ್ಟ ಮೇಲೂ ಟೇಬಲ್ ಫ್ಯಾನಿನ ಸದ್ದನ್ನೇ ಸಮುದ್ರವೆಂದುಕೊಂಡು ಮಲಗುತ್ತಿದ್ದ. ಫ್ಯಾನು ನಡುವೆ ಕಟಕಟ ಎಂದರೆ ದೋಣಿ ಬಂತು ಅಂದುಕೊಳ್ಳುತ್ತಿದ್ದ.

ಮದುವೆಯಾದ ವರ್ಷ, ಬಸವಕಲ್ಯಾಣದಲ್ಲಿದ್ದಾಗ, ಗಂಡ ಹೆಂಡತಿ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತು ಪಾಸ್‌ಪೋರ್ಟ್ ಮಾಡಿಸಿದ್ದರು. ಫೋಟೋಕ್ಕೆ ಮೊದಲು ಅವಳೇ ತನ್ನ ಬಾಚಣಿಗೆಯಿಂದ ಅವನ ತಲೆ ಬಾಚಿದ್ದಳು. ಅವಳದು ಕೆಲಸಕ್ಕೆ ಬಂತು. ಅವನದು ಒಂದು ಮೊಹರಿನ ಮುಖವನ್ನೂ ಕಾಣದೆ ಮದುವೆಯ ಕೋಟಿನ ಕೆಳಗೆ ಮಲಗಿತ್ತು.

ನಿಜ ಹೇಳಿದ್ದರೆ ಪೂನಂ ಬಿಡುವವಳಲ್ಲ. ‘ನಿಮಗ ತಲಿ ಅದ ಅನ್ನೂದೂ ಟೊಪಗಿ ಹಾಕ್ಕೊಂಡಾಗೇ ನೆನಪಾಗ್ತದ’ ಅನ್ನುವುದು ಅವಳ ಕಾಯಂ ಮಾತು. ಹಾಗಾಗಿ ರಾಜೀವ ಬಾಯಿ ಮುಚ್ಚಿಕೊಂಡು ಹೋಗಿ ಹೊಸದಕ್ಕೆ ಅರ್ಜಿ ಹಾಕಿ ಬಂದ. ಹಳೆಯ ವಿಳಾಸ ಕಲ್ಯಾಣದ್ದು, ಈಗಿನದು ಹುಮನಾಬಾದಿನದು. ಆದ್ದರಿಂದ ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡಬೇಕು. ‘ಮನ್ಯಾಗೇ ಇರ್ರಿ, ಯಾವಾಗ ಬೇಕಾದ್ರೂ ಬರ್ತಾರ’ ಎಂದು ಕಚೇರಿಯವರು ಹೇಳಿದ್ದರು.

ಮನೆಯಲ್ಲೇ ಇರುವುದು ಏನು ದೊಡ್ಡ ಕೆಲಸ? ಆದರೆ ಮನೆ ಅಂಬುಬಾಯಿ ಕಾಕುನದು. ರಾಜೀವ ಬಾಡಿಗೆಯವ. ಪಕ್ಕದ ಭಾಗದಲ್ಲೇ ಇರುವ ಕಾಕುಗೆ ಬಾಡಿಗೆಯ ಜೊತೆಗೆ ಬಾಡಿಗೆಯವನ ಹಣೆಬರಹವೂ ತನ್ನ ಕೈಯಲ್ಲೇ ಇದೆ ಎಂಬ ನಂಬಿಕೆ. ಅವಳು ಗೋಡೆಯ ಕ್ಯಾಲೆಂಡರು ನೋಡಿ ಹಣೆ ಬಡಿದುಕೊಂಡಳು.

‘ನಾಕ ದಿನಕ್ಕ ಅಧಿಕ ಮಾಸ ಕೂಡ್ತದೋ ರಾಜೀವ! ಅಧಿಕ ಮಾಸದಾಗ ಯಾರರ ದೂರ ದೇಶಕ್ಕ ಹೊಂಡ್ತಾರೇನು? ಗುರುವಾರ ಸಂಜಿಕಿ ಛಲೋ ಘಳಿಗಿ ಅದ. ಅವತ್ತೇ ಹೊಂಡು.’

‘ಕಾಕು, ಪಾಸ್‌ಪೋರ್ಟೇ ಬಂದಿಲ್ಲ.’

‘ಅದು ಹಿಂದಿನಿಂದ ಬರಲಿ. ನೀ ಮುಂದ ಹೋಗು. ಪ್ರಸ್ಥಾನ ಇಡೂನು.’

ಪ್ರಸ್ಥಾನವೆಂದರೆ ಇಷ್ಟೇ: ಪ್ರಯಾಣದ ದಿನ ಚೆನ್ನಾಗಿಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ಘಳಿಗೆ ನೋಡಿ ಬ್ಯಾಗಿನ ಸಮೇತ ಹೊಸ್ತಿಲು ದಾಟಿ ಬೇರೆಯವರ ಮನೆಯಲ್ಲಿ ಹೋಗಿ ಇರುವುದು. ಅಲ್ಲಿಗೆ ಮನುಷ್ಯ ಹೊರಟ ಲೆಕ್ಕ. ಹೋಗುವುದು ಯಾವಾಗ ಹೋದರೂ ನಡೆಯುತ್ತದೆ. ಆದರೆ ಹೊರಟವನು ಹೋದ ಕೆಲಸ ಆಗುವ ತನಕ ತಿರುಗಿ ಮನೆಯ ಹೊಸ್ತಿಲು ತುಳಿಯಬಾರದು. ಕಲ್ಯಾಣದಲ್ಲಿ ರಾಜೀವನ ಅಕ್ಕ ಮನೀಷಾ ಇದ್ದಳು. ಪ್ರಸ್ಥಾನಕ್ಕೆ ಆ ಮನೆಯೇ ಎಂದು ಕಾಕು ತೀರ್ಮಾನ ಮಾಡಿಬಿಟ್ಟಳು.

ಗುರುವಾರ ಸಂಜೆ ಗೋಧಿ ಹುಗ್ಗಿಯ ಊಟವಾಯಿತು. ಎದುರುಮನೆಯ ಅಜೀಮುದ್ದೀನ್ ಚಾಚಾ ಹಾರ ತಂದರು. ಇಪ್ಪತ್ತು ವರ್ಷ ಜೆದ್ದಾದಲ್ಲಿ ಡ್ರೈವರ್ ಆಗಿದ್ದು ಬಂದವರು. ರೆಕ್ಕೆ ಇರುವ ಯಾವುದರ ಬಗ್ಗೆ ಮಾತು ಬಂದರೂ ಓಣಿಯಲ್ಲಿ ಅವರದೇ ಕೊನೆಯ ಮಾತು. ‘ಬೇಟಾ, ವಿಮಾನದಾಗ ಕಿವಿ ಮುಚ್ಚಿದ್ರ ಹೆದರಬ್ಯಾಡ, ಆಕಳಿಸು’ ಎಂದು ಪಾಸ್‌ಪೋರ್ಟಿಲ್ಲದವನಿಗೆ ಆಕಳಿಸುವುದನ್ನು ಮೂರು ಸಲ ಮಾಡಿ ತೋರಿಸಿದರು. ಹಾರ ಹಾಕಿಕೊಂಡು ಬ್ಯಾಗು ಹಿಡಿದ ರಾಜೀವನ ಫೋಟೋ ತೆಗೆದು ಅವರ ಮಗಳು ಮಿಸ್ಬಾ ಅಲ್ಲೇ ಸ್ಟೇಟಸ್ಸಿಗೆ ಹಾಕಿದಳು: ‘ಮಾಲ್ದೀವ್ಸ್ ಸಫರ್ ಮುಬಾರಕ್ ರಾಜೀವ್ ಭಾಯ್.’

ರಾಜೀವ ಕಾಕುನ ಕಾಲು ಮುಟ್ಟಲು ಬಗ್ಗಿದ. ಅಂಗಿಯ ಕಿಸೆಯಲ್ಲಿದ್ದ ಮೊಬೈಲು ಎಮ್ಮೆ ಕೆರೆಗೆ ಇಳಿದ ಹಾಗೆ ನೇರ ಹುಗ್ಗಿಯ ಪಾತೇಲಿಗೆ ಇಳಿಯಿತು. ಚಾಚಾ ಅದನ್ನು ಎತ್ತಿ ಒರೆಸಿದರು. ಬೆರಳು ನೆಕ್ಕಿ, ‘ಬೆಲ್ಲ ಜರಾ ಕಮ್ಮಿ ಆಗ್ಯಾದ’ ಅಂದರು. ಮೊಬೈಲು ಸತ್ತಿತ್ತು. ಅದನ್ನು ಕಾಕುನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ರಾಜೀವ ರೊಟ್ಟಿ, ಶೇಂಗಾ ಹಿಂಡಿ ತುಂಬಿದ ಬ್ಯಾಗು ಹೊತ್ತುಕೊಂಡು ಕಲ್ಯಾಣದ ಬಸ್ಸು ಹತ್ತಿದ.

ಪೊಲೀಸರು ಬಂದದ್ದು ಮರುದಿನ ಬೆಳಗ್ಗೆಯೇ.

ಕಾನ್‌ಸ್ಟೇಬಲ್ ನರಸಿಂಗ ಬೈಕು ನಿಲ್ಲಿಸಿ ಬಾಗಿಲಲ್ಲಿ ಕೇಳಿದ, ‘ರಾಜೀವ ಅನ್ನೋರು ಇಲ್ಲೇ ಇರ್ತಾರೇನ್ರಿ?’

‘ಇರತಿದ್ದ’ ಎಂದಳು ಕಾಕು. ‘ನಿನ್ನಿ ಹೋದ.’

‘ಎಲ್ಲಿಗಿ?’

‘ಮಾಲ್ದೀವಕ್ಕ. ಹೆಂಡ್ತಿ ಬಲ್ಲಿ.’

ನರಸಿಂಗ ಕೈಯಲ್ಲಿದ್ದ ಕಾಗದ ನೋಡಿದ, ಕಾಕುನ ಮುಖ ನೋಡಿದ. ‘ಇನ್ನೂ ಪಾಸ್‌ಪೋರ್ಟೇ ಕೊಟ್ಟಿಲ್ಲ. ಹ್ಯಾಂಗ ಹೋದ?’

‘ಬಸ್ಸಿನಾಗ.’

‘ಮಾಲ್ದೀವಕ್ಕ ಬಸ್ಸಿನಾಗ?’

‘ಹೌದ್ರಿ, ಕಲ್ಯಾಣ ಬಸ್ಸು.’

ಚಾಚಾ ಓಡಿ ಬಂದರು. ಸಹಾಯ ಮಾಡುವ ಅವರ ಆಸೆ ದೊಡ್ಡದು. ‘ಸಚ್ ಬಾತ್ ಸಾಬ್, ನಾನೇ ನನ್ನ ಕೈಯಾರೆ ಹಾರ ಹಾಕೀನಿ. ಫೋಟೋ ಅದ, ನೋಡ್ರಿ’ ಎಂದು ಸ್ಟೇಟಸ್ಸು ತೋರಿಸಿದರು.

ನರಸಿಂಗ ಕುರ್ಚಿ ಎಳೆದುಕೊಂಡು ಕೂತ. ‘ಅಂದ್ರ ಇವನ ಹತ್ರ ಇನ್ನೊಂದು ಪಾಸ್‌ಪೋರ್ಟ್ ಅದ. ಹಂಗಾದ್ರ ಇದು ಭಾಳ ದೊಡ್ಡ ಕೇಸು.’

ಆಗ ಕಾಕುಗೆ ಸ್ವಲ್ಪ ಬೆವರು ಬಂತು. ಮನೀಷಾಳಿಗೆ ಫೋನು ಹೋಯಿತು. ರಾಜೀವ ಕೈಯಲ್ಲಿದ್ದ ಚಹಾ ಬಿಟ್ಟು ಎದ್ದ. ‘ಬ್ಯಾಗ್ ಮುಟ್ಟಬ್ಯಾಡೋ, ಪ್ರಸ್ಥಾನ ಕೆಡ್ತದ!’ ಎಂದು ಅಕ್ಕ ಹಿಂದಿನಿಂದ ಕೂಗಿದಳು. ದಾರಿಯಲ್ಲಿ ಬಂಗ್ಲಾ ಕ್ರಾಸಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ಈರುಳ್ಳಿ ಟೆಂಪೋ ಹತ್ತಿದ. ಮೂಟೆಗಳ ಮೇಲೆ ಕೂತಿದ್ದ ಪರಿಚಯದವನೊಬ್ಬ ಕಣ್ಣು ಅರಳಿಸಿ ಕೇಳಿದ, ‘ಅರೆ ರಾಜೀವಣ್ಣ, ಸ್ಟೇಟಸ್ ನೋಡೀನಿ. ಇಷ್ಟು ಲಗು ತಿರುಗಿ ಬಂದ್ರ್ಯಾ? ನಮಗೇನು ತಂದೀರಿ?’

ರಾಜೀವ ಮುಖ ಆಚೆ ತಿರುಗಿಸಿದ. ಈರುಳ್ಳಿಗೋ ಏನೋ, ಕಣ್ಣಲ್ಲಿ ನೀರು ಬಂತು.

ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ನರಸಿಂಗ ಮನೆ ಮುಂದೆ ಕುರ್ಚಿಯಲ್ಲಿ ಕೂತು ನಿನ್ನೆಯ ಹುಗ್ಗಿ ತಿನ್ನುತ್ತಿದ್ದ. ಓಣಿಯ ಅರ್ಧ ಜನ ಸುತ್ತ ನಿಂತಿತ್ತು.

‘ನೀನೇನು ರಾಜೀವ? ಕಾಗದದಾಗ ಹುಮನಾಬಾದ್ ಅಂತ ಬರದಿ, ಇರೂದು ಕಲ್ಯಾಣದಾಗ, ಜನ ನೋಡಿದ್ರ ಸಮುದ್ರದಾಗ ಇದ್ದಿ ಅಂತಾರ. ನಾ ಏನಂತ ಬರೀಲಿ? ನಡಿ ಒಳಗ. ನೀ ಈ ಮನ್ಯಾಗ ಇರ್ತಿ ಅನ್ನೂದು ನಾ ಕಣ್ಣಾರೆ ನೋಡಬೇಕು, ಫೋಟೋ ತಗೀಬೇಕು.’

ರಾಜೀವ ಬಾಗಿಲಿಗೆ ಓಡಿದ. ಕಾಕು ಎರಡೂ ಕೈ ಚಾಚಿ ಅಡ್ಡ ನಿಂತಳು.

‘ಒಳಗ ಕಾಲಿಡಬ್ಯಾಡ! ಹೊಸ್ತಿಲ ದಾಟಿದಾವ ನೀ!’

‘ಕಾಕು, ಸಾಹೇಬ್ರು ಕೇಳಾಕತ್ತಾರ…’

‘ಸಾಹೇಬ್ರು ಇವತ್ತು ಬರ್ತಾರ, ನಾಳೆ ಹೋಗ್ತಾರ. ನಿನ್ನ ಹೆಂಡ್ತಿನ ನೋಡೂದು ಬ್ಯಾಡೇನು ನಿನಗ?’

ರಾಜೀವನಿಗೆ ಇಂಥದರಲ್ಲೆಲ್ಲ ನಂಬಿಕೆ ಇರಲಿಲ್ಲ. ಕಾಕುಗೆ ನಾಲ್ಕು ಬೈದು ನುಗ್ಗಬೇಕೆಂದೇ ಕಾಲೆತ್ತಿದ್ದ. ಆದರೆ ಮೂರು ವರ್ಷದಿಂದ ಚರಗಿಗೆ ಆನಿಸಿದ್ದ ಅಂಗೈ ಅಗಲದ ಮುಖ ಕಣ್ಣ ಮುಂದೆ ಬಂತು. ಒಂದು ವೇಳೆ ಕಾಕು ಹೇಳುವುದೇ ಖರೆ ಇದ್ದರೆ? ಎತ್ತಿದ ಕಾಲು ತಾನೇ ಕೆಳಗಿಳಿಯಿತು.

ನರಸಿಂಗ ತಾಟು ಕೆಳಗಿಟ್ಟ. ‘ತನ್ನ ಮನಿಯೊಳಗ ತಾ ಹೋಗದವನಿಗೆ ಈ ಮನಿಯವನು ಅಂತ ನಾ ಬರಕೊಡಲ್ಯಾ? ನಾ ಹೊಂಟೆ.’

‘ಠಹರೋ ಸಾಬ್’ ಎಂದರು ಚಾಚಾ. ‘ಹೊಸ್ತಿಲ ದಾಟಬಾರದು, ಸರಿ. ಅಡಗಿಮನಿ ಕಿಟಕಿಗೆ ಎಲ್ಲಿ ಹೊಸ್ತಿಲ ಅದ?’

ಎಲ್ಲರೂ ಕಾಕುನ ಮುಖ ನೋಡಿದರು. ಕಾಕು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಕಿಟಕಿಯ ಬಗ್ಗೆ ಯಾರೂ ಏನೂ ಹೇಳಿಲ್ಲ ಎಂದು ಒಪ್ಪಿದಳು.

ಆ ಕಿಟಕಿಯ ಸರಳುಗಳು ತುಕ್ಕು ಹಿಡಿದು ಉದುರಿ ಎರಡು ವರ್ಷವಾಗಿತ್ತು. ಹಾಕಿಸಿಕೊಡು ಎಂದು ರಾಜೀವ ಹೇಳಿ ಹೇಳಿ ಸೋತಿದ್ದ. ಈಗ ಅದೇ ಸಂದಿಯಲ್ಲಿ ತಲೆ ತೂರಿಸಿದ. ಹೊಟ್ಟೆಯ ಹತ್ತಿರ ಸಿಕ್ಕಿಬಿದ್ದ. ಹಿಂದಿನಿಂದ ಚಾಚಾ ನೂಕಿದರು. ‘ಸೀಟ್ ಕವರ್ ಹರೀದಂಗ ನೂಕ್ರಿ!’ ಎಂದು ಯಾರೋ ಕೂಗಿದರು. ಓಣಿ ಹೊಟ್ಟೆ ಹಿಡಿದು ನಕ್ಕಿತು.

ಧೊಪ್ಪೆಂದು ಒಳಗೆ ಬಿದ್ದ ರಾಜೀವ ಕ್ಷಣ ಹೊತ್ತು ಹಾಗೇ ಕೂತ. ಹೊರಗಿನ ನಗು ದೂರವಾಯಿತು. ಗೂಟಕ್ಕೆ ಪೂನಂ ಬಿಟ್ಟುಹೋದ ಹಳೆಯ ಟವೆಲ್ಲು ಇನ್ನೂ ನೇತಾಡುತ್ತಿತ್ತು. ಒಗೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ. ಚರಗಿ ಅದರ ಜಾಗದಲ್ಲೇ ಇತ್ತು. ಎದುರಿಗೆ ಕೂರುವವಳು ಇರಲಿಲ್ಲ.

‘ಏಯ್, ಇಲ್ಲಿ ನೋಡು!’ ನರಸಿಂಗ ಕಿಟಕಿಯಿಂದ ಫೋಟೋ ಹೊಡೆದ. ಚಾಚಾ ಮತ್ತು ಕಾಕು ಸಾಕ್ಷಿ ಹಾಕಿದರು. ಸಾಕ್ಷಿಯ ಜೊತೆಗೆ ಕಾಕು ಸಾಹೇಬರಿಗೆ ಹುಗ್ಗಿಯ ಡಬ್ಬಿಯನ್ನೂ ಕಟ್ಟಿಕೊಟ್ಟಳು.

‘ಮನಿಷ್ಯಾ ಕೆಟ್ಟಾವ ಅಲ್ಲ. ಹುಚ್ಚ ಇದ್ದಾನ, ಅದಕ್ಕ ಕಾಲಂ ಇಲ್ಲ’ ಎಂದ ನರಸಿಂಗ, ಬೈಕು ಹತ್ತಿದ. ‘ಸರಿ ಅದ ಅಂತ ಬರದು ಕಳಸ್ತೀನಿ. ಮೂರು ವಾರದಾಗ ಪಾಸ್‌ಪೋರ್ಟ್ ಮನಿಗಿ ಬರ್ತದ.’

ರಾಜೀವ ಬಂದ ಕಿಟಕಿಯಿಂದಲೇ ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದ. ಮೂರು ವಾರ. ಪೂನಂಳ ರಜೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಸುಳ್ಳು ಮುಚ್ಚಿಹೋಯಿತು. ಸಮುದ್ರದ ದಂಡೆಯಲ್ಲಿ ಅವಳ ಪಕ್ಕ ಕೂತು ಹಿಂಡಿ ಹಚ್ಚಿದ ರೊಟ್ಟಿ ಮುರಿದ ಹಾಗೆ ಕಂಡಿತು.

‘ಹಾಂ, ಮರತಿದ್ದೆ’ ಎಂದಳು ಕಾಕು, ‘ನಿನ್ನ ಹೆಂಡ್ತಿ ನಿನ್ನಿ ರಾತ್ರಿ ನನಗ ಫೋನ್ ಹಚ್ಚಿದ್ಳು. ಭಾಳ ಖುಷಿನಾಗ ಇದ್ಳು.’

‘ಏನಂದಳು?’

‘ಹೊಂಟಾರೇನ್ರಿ ಅಂದಳು. ಹೊಂಟಾನವಾ ಅಂದೆ. ನಾ ಸುಳ್ಳ ಹೇಳಾಕಿ ಅಲ್ಲ.’

ರಾಜೀವ ತಟ್ಟನೆ ಅಕ್ಕಿ ಡಬ್ಬಿಯಿಂದ ಮೊಬೈಲು ತರಿಸಿ ಗುಂಡಿ ಒತ್ತಿದ. ಬಂದು ಬಂದು ಈಗ ಅದಕ್ಕೆ ಜೀವ ಬಂತು. ಅದರ ತುಂಬ ಪೂನಂಳ ಕರೆಗಳು, ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ. ನೋಡುತ್ತಿದ್ದಂತೆಯೇ ಮತ್ತೊಂದು ಬಂತು.

ಪೂನಂ ಹಸಿರು ಸೀರೆ ಉಟ್ಟಿದ್ದಳು, ಅವನಿಗೆ ಇಷ್ಟವಾದದ್ದು. ಹಿಂದೆ ಆಸ್ಪತ್ರೆಯ ಗೋಡೆ ಇರಲಿಲ್ಲ. ಗಾಜಿನ ಬಾಗಿಲುಗಳು, ಪೆಟ್ಟಿಗೆ ತಳ್ಳಿಕೊಂಡು ಹೋಗುವ ಜನ.

‘ಎಲ್ಲಿದ್ದಿ ನೀ?’

‘ನೀವ್ ಎಲ್ಲಿದ್ದೀರಿ? ಮುಂಜಾನಿಂದ ಏರ್‌ಪೋರ್ಟಿನಾಗ ನಿಂತೀನಿ. ಹೇಳದ ಬಂದು ನನಗ ಬೆರಗ ಮಾಡ್ಬೇಕಂತ ಹೊಂಟೀರಿ, ನನಗ ಗೊತ್ತದ. ಮಿಸ್ಬಾನ ಸ್ಟೇಟಸ್ ನೋಡಿದೆ, ನಿಮ್ಮ ಫೋನ್ ಬಂದ್ ಆಗಿತ್ತು, ವಿಮಾನದಾಗ ಇರಬೇಕಂದೆ. ರಾತ್ರಿನೇ ರಜಾ ಬರಸಿ ದೋಣಿ ಹತ್ತಿ ಬಂದೀನಿ. ಯಾವ ಬಾಗಿಲದಿಂದ ಬರಾಕತ್ತೀರಿ, ಹೇಳ್ರಿ ಬೇಗ!’

ರಾಜೀವ ಹಿಂದಿನ ಕಿಟಕಿಯ ಕಡೆ ನೋಡಿದ. ಆಮೇಲೆ ಎಲ್ಲವನ್ನೂ ಹೇಳಿದ.

ಅವಳು ಬಯ್ಯುತ್ತಾಳೆಂದು ಕಾದ. ಬಯ್ಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

‘ರಜಾ ತಿರುಗಿ ಕೊಟ್ಟುಬಿಡು. ಮುಂದಿನ ತಿಂಗಳಾ ತಗೊ’ ಎಂದ.

‘ಆಗಂಗಿಲ್ಲರಿ. ನನ್ನ ಬದಲಿಗಿ ಬಂದಾಕಿ ಆಗಲೇ ಕೆಲಸಕ್ಕ ಹತ್ಯಾಳ. ಹದಿನೈದು ದಿನದ್ದು ಇವತ್ತಿಂದ ಶುರು. ಇನ್ನ ಮುಂದಿನ ವರ್ಷಾನೇ.’

ರಾಜೀವನ ತಲೆಯಲ್ಲಿ ದೀಪ ಹತ್ತಿತು. ಕಟ್ಟೆಯಿಂದ ನೆಗೆದು ನಿಂತ. ‘ಹಂಗಾದ್ರ ನೀನೇ ಬಾ! ಹದಿನೈದು ದಿನ ಅದ ಅಲ್ಲ! ಇವತ್ತೇ ವಿಮಾನ ಹತ್ತು!’

‘ಬರಲಿ, ಬರಲಿ! ಮನಿಗಿ ಬರೂದಕ್ಕ ಮಾಸ ಗೀಸ ನೋಡಂಗಿಲ್ಲ’ ಎಂದು ಕಾಕು ಕೂಗಿದಳು. ‘ಹೈದರಾಬಾದಿಗೆ ನಾ ಗಾಡಿ ತರ್ತೀನಿ ಬೇಟಿ!’ ಎಂದರು ಚಾಚಾ.

ಪೂನಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

‘ಏನಾತು?’

‘ನಮ್ಮಿಬ್ಬರದೂ ಒಂದೇ ದಿನ ಮಾಡಿಸಿದ್ದು, ಹೌದಲ್ಲರಿ?’

‘ಹೌದು.’

‘ನಂದೂ ಅವತ್ತೇ ಮುಗೀತದ. ಹೋದ ವಾರ ಹೊಸದಕ್ಕ ಕೊಟ್ಟೀನಿ. ಹಳೇದೂ ಅವರ ಬಲ್ಲೇ ಅದ, ಒಂದ ತಿಂಗಳ ಬೇಕಂದಾರ.’ ಅವಳ ದನಿ ಸಣ್ಣಗಾಯಿತು. ‘ಕಡೀ ತನಕ ನಾನೂ ಮರತಿದ್ದೆ. ಹೇಳಿದ್ರ ನೀವ್ ನಗ್ತೀರಂತ ಹೇಳಲಿಲ್ಲ.’

ರಾಜೀವ ನಗಲಿಲ್ಲ. ಓಣಿಯಲ್ಲಿ ಯಾರೂ ನಗಲಿಲ್ಲ. ಚಾಚಾ ಒಂದು ಸಲ ಆಕಳಿಸಿ, ಸುಮ್ಮನೆ ತಮ್ಮ ಮನೆ ಕಡೆ ನಡೆದರು.

ಪೂನಂ ಹೊರಗೆ ಬಂದು ಫೋನು ತಿರುಗಿಸಿದಳು. ಅಲ್ಲಿ ಏರ್‌ಪೋರ್ಟಿನ ಬಾಗಿಲಿಗೇ ಸಮುದ್ರ. ಅದರ ಮೇಲೆ ಸಂಜೆಯ ಬಿಸಿಲು.

‘ಕೇಳಸ್ತದೇನ್ರಿ?’

‘ಕೇಳಸ್ತದ.’

ಕತ್ತಲಾಗುವ ತನಕ ಇಬ್ಬರೂ ಅದನ್ನೇ ಕೇಳಿದರು. ಆಮೇಲೆ ಫೋನಿನ ಬ್ಯಾಟರಿ ಮುಗಿಯಿತು. ಚಾರ್ಜರು ಒಳಗಿತ್ತು. ರಾಜೀವ ಎದ್ದು ಬಾಗಿಲ ತನಕ ಹೋದ. ಕಾಕು ಹೊಸ್ತಿಲಲ್ಲೇ ಕೂತಿದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಆದರೂ ಜಾಗ ಬಿಡಲಿಲ್ಲ.

‘ಹೊಂಟಾವ ಹೊಂಟಂಗೇ ಇರಬೇಕಪ್ಪ, ಆಕಿನ ಮುಖ ನೋಡೂತನಕ’ ಎಂದಳು.

ರಾಜೀವ ಉಸಿರು ಒಳಗೆಳೆದು ಹೊಟ್ಟೆ ಸಣ್ಣ ಮಾಡಿಕೊಂಡು, ಮನೆಯ ಹಿಂದೆ ಕಿಟಕಿಯ ಕಡೆ ನಡೆದ.