ಕುಂದಗೋಳ ಬಸ್ಸಿನ ಗುಂಪು

ನಾಲ್ಕು ಜನ ಸೇರಿ ಮಾಡುವ ಯಾವ ಕೆಲಸದಲ್ಲೂ ದುಡಿಯುವವರು ಮೂವರೇ ಎಂಬುದು ನನ್ನ ಬಹುದಿನದ ಸಿದ್ಧಾಂತ. ಮನೆ ಬದಲಿಸುವಾಗ ತಿಜೋರಿ ಎತ್ತುವುದನ್ನು ನೋಡಿ. ಮೂವರ ಕುತ್ತಿಗೆಯ ನರ ಉಬ್ಬಿರುತ್ತವೆ. ನಾಲ್ಕನೆಯವನು ಒಂದು ಮೂಲೆಗೆ ಬೆರಳು ತಾಗಿಸಿಕೊಂಡು 'ಹುಷಾರ್, ಹುಷಾರ್, ಸ್ವಲ್ಪ ಎಡಕ್ಕ' ಎನ್ನುತ್ತಿರುತ್ತಾನೆ. ತಿಜೋರಿ ಕೆಳಗಿಳಿದ ಮೇಲೆ ಮೊದಲು ಬೆವರು ಒರೆಸಿಕೊಳ್ಳುವವನೂ ಅವನೇ, ಚಹಾ ಕೇಳುವವನೂ ಅವನೇ. ಹತ್ತು ಮಂದಿಯ ಕಟ್ಟಿಗೆ ಒಬ್ಬನ ಹೊರೆ ಎಂದ ಹಿರಿಯರು, ಆ ಹತ್ತರಲ್ಲಿ ಒಬ್ಬ ಕಟ್ಟಿಗೆಯನ್ನೇ ತಂದಿರಲಿಲ್ಲ ಎಂಬುದನ್ನು ಅವನ ಮರ್ಯಾದೆ ಕಾಯಲು ಹೇಳದೆ ಬಿಟ್ಟಿದ್ದಾರೆ. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅರ್ಥಶಾಸ್ತ್ರದ ಮೇಷ್ಟರು ನಾವು. ಯಾರು ಎಷ್ಟು ದುಡಿದರು, ಯಾರು ಕುಂತು ಉಂಡರು ಎಂದು ನೋಡುವುದೇ ನಮ್ಮ ಕಸುಬು. ಈ ನನ್ನ ಸಿದ್ಧಾಂತಕ್ಕೆ ಕಡೆಗೊಂದು ದಿನ ಪುರಾವೆ ಸಿಕ್ಕಿತು. ಸಿಗಬಾರದ ಜಾಗದಲ್ಲಿ ಸಿಕ್ಕಿತು.

ಮನೆಗಳಿಗೆ ಇಂಟರ್ನೆಟ್ ಇನ್ನೂ ಬಾರದೆ, ಸೈಬರ್ ಕೆಫೆಗಳಲ್ಲಿ ತಾಸಿನ ಲೆಕ್ಕದಲ್ಲಿ ಕೂರುತ್ತಿದ್ದ ಕಾಲ ಅದು. ಹುಬ್ಬಳ್ಳಿಯ ನಮ್ಮ ಕಾಲೇಜಿಗೆ ಒಂದು ಕೋರ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂತು. ಪಾಠದ ಟಿಪ್ಪಣಿ, ಪ್ರಾಜೆಕ್ಟು, ಅಂಕ ಎಲ್ಲವೂ ಇನ್ನು ಕಂಪ್ಯೂಟರಿನಲ್ಲೇ ಎಂದು ಪ್ರಿನ್ಸಿಪಾಲರು ಸಭೆಯಲ್ಲಿ ಸಾರಿದರು. ಆಮೇಲೆ ಅವರ ಕಣ್ಣು ಸಾಲಿನ ಉದ್ದಕ್ಕೂ ಹರಿದು ನನ್ನ ಮೇಲೆ ನಿಂತಿತು. ಹಿಂದಿನ ವರ್ಷ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆಯನ್ನು ನಾನು ಹರಿಯದಂತೆ ಎಳೆದು ತೆಗೆದಿದ್ದೆ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನನಗೆ ಕಂಪ್ಯೂಟರ್ ಪಂಡಿತನೆಂಬ ಹೆಸರು. "ಪ್ರಾಜೆಕ್ಟಿಗೆ ಗುಂಪು ಮಾಡೋದೊಂದು ನೀವು ನೋಡ್ರಿ ಸರ. ನಿಮಗದು ಎಡಗೈ ಕೆಲಸ," ಎಂದರು. ನಾನು ಬಲಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಹಾಗೆಂದು ಹೇಳಿ ಹೆಸರು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಗುಂಪು ಮಾಡಲು ಎರಡು ದಾರಿ ಇದ್ದವು. ನಾವೇ ಒಂದೊಂದು ಹೆಸರು ಆರಿಸಬಹುದು, ಇಲ್ಲವೇ ಒಂದು ಗುಂಡಿ ಒತ್ತಿದರೆ ಯಂತ್ರವೇ ಹೆಸರುಗಳನ್ನು ಕಲಸಿ ಹಂಚುತ್ತದೆ. ನಾನು ಗುಂಡಿ ಒತ್ತಿದೆ. ಅರ್ಧ ನಿಮಿಷದಲ್ಲಿ ಇಡೀ ಕ್ಲಾಸು ಗುಂಪುಗುಂಪಾಗಿ ನಿಂತಿತು. ಜಾತಿ ನೋಡದ, ಶಿಫಾರಸು ಕೇಳದ ಇಂಥ ನ್ಯಾಯವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಪಟ್ಟಿಯನ್ನು ಬೋರ್ಡಿಗೆ ಹಚ್ಚಿ ಕೈ ತೊಳೆದುಕೊಂಡೆ. ಮರುದಿನ ಬೆಳಿಗ್ಗೆ ಅರ್ಧ ಕ್ಲಾಸು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿತ್ತು.

"ಸರ್, ನನ್ನ ಗುಂಪಿನ್ಯಾಗ ಒಬ್ಬಾಂವ ನವಲಗುಂದದಾಂವ, ಇನ್ನೊಬ್ಬಾಕಿ ಕಲಘಟಗಿಯಾಕಿ," ಎಂದಳು ಸುಮಂಗಲಾ. ಕುಂದಗೋಳದಿಂದ ದಿನಾ ಓಡಾಡುವ, ಮೊದಲ ಬೆಂಚಿನ ಹುಡುಗಿ. "ನಮ್ಮ ಬಸ್ಸು ನಾಕಕ್ಕ ಐತ್ರಿ. ಅವರ ಬಸ್ಸು ಬ್ಯಾರೆ ಬ್ಯಾರೆ ಹೊತ್ತಿಗೆ. ನಾವು ಕೂಡಿ ಪ್ರಾಜೆಕ್ಟ್ ಯಾವಾಗ ಮಾಡೂಣ್ರಿ?"

ಆಗ ನನಗೆ ಹೊಳೆಯಿತು. ನಮ್ಮ ಕಾಲೇಜಿನ ಹುಡುಗರಿಗೆ ಗುಂಪು ಎಂದರೆ ಬಸ್ಸು. ಒಂದೇ ಬಸ್ಸಿನವರು ಒಬ್ಬರಿಗೊಬ್ಬರು ಸೀಟು ಹಿಡಿಯುತ್ತಾರೆ, ಬುತ್ತಿ ಹಂಚಿ ಉಣ್ಣುತ್ತಾರೆ, ಬಾರದವರ ಹಾಜರಿ ಕೂಗುತ್ತಾರೆ, ಜಗಳವಾಡಿದರೂ ಸಂಜೆ ಅದೇ ಬಸ್ಸಿನಲ್ಲಿ ರಾಜಿಯಾಗಿ ಮನೆ ಮುಟ್ಟುತ್ತಾರೆ. ಇದು ಯಂತ್ರಕ್ಕೇನು ಗೊತ್ತು? ಅದು ಎಂದಾದರೂ ಸ್ಟ್ಯಾಂಡಿನಲ್ಲಿ ನಿಂತಿದೆಯೇ? ಎರಡು ದಿನ ಒಂದೇ ಬೆರಳಿನಿಂದ ಕುಟ್ಟಿ ಎಲ್ಲ ಗುಂಪುಗಳನ್ನೂ ಬಸ್ಸಿನ ಪ್ರಕಾರ ಮತ್ತೆ ಕಟ್ಟಿದೆ. ಪ್ರತಿ ಗುಂಪಿಗೆ ಆರು ಜಾಗ. ನಾಲ್ಕನೆಯದು ಕುಂದಗೋಳ ಬಸ್ಸಿನ ಗುಂಪು. ಅದರಲ್ಲಿ ಐವರೇ ಇದ್ದದ್ದರಿಂದ ಒಂದು ಜಾಗ ಖಾಲಿ ಉಳಿಯಿತು. ವಿದ್ಯಾರ್ಥಿಗಳಿಗೆ ಇದೆಲ್ಲ ಹೇಗೆ ಕಾಣುತ್ತದೋ ನೋಡೋಣವೆಂದು ಪರೀಕ್ಷೆಗಾಗಿ ಅಲ್ಲಿ ನನ್ನ ಹೆಸರು ಹಾಕಿ ನೋಡಿದೆ. ಛಲೋ ಕಂಡಿತು. ಅಷ್ಟರಲ್ಲಿ ಚಹಾ ಬಂತು.

ಇನ್ನು ಮೈಗಳ್ಳರ ಬಂದೋಬಸ್ತು ಆಗಬೇಕಿತ್ತು. ಸಿಸ್ಟಮಿನಲ್ಲಿ ಅದಕ್ಕೂ ಒಂದು ಉಪಾಯ ಸಿಕ್ಕಿತು. ಗುಂಪಿನ ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿನಲ್ಲಿ ಒಳಹೊಕ್ಕು 'ಒಪ್ಪಿಸಿದೆ' ಎಂಬ ಗುಂಡಿ ಒತ್ತಿದರೆ ಮಾತ್ರ ಪ್ರಾಜೆಕ್ಟು ಸ್ವೀಕಾರ. ಒಬ್ಬ ತಪ್ಪಿದರೂ ಎಲ್ಲರಿಗೂ ಸೊನ್ನೆ. ಇದನ್ನು ಕಂಡು ನನಗಾದ ಆನಂದ ಅಷ್ಟಿಷ್ಟಲ್ಲ. ಸಾಲದ್ದಕ್ಕೆ ನನ್ನ ಕೈಯಿಂದಲೇ ಒಂದು ನೋಟೀಸು ಬರೆದು ಪ್ರಿನ್ಸಿಪಾಲರ ಸಹಿ ಮಾಡಿಸಿ ಹಚ್ಚಿದೆ: 'ಶನಿವಾರ ಸಂಜೆ ಐದರೊಳಗೆ ಗುಂಡಿ ಒತ್ತದೆ ಗುಂಪಿಗೆ ಹಾನಿ ಮಾಡಿದವರು, ಕಾರಣವನ್ನು ಸ್ವಹಸ್ತದಿಂದ ಬರೆದು, ಪಾಲಕರ ಸಹಿಯೊಂದಿಗೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಡತಕ್ಕದ್ದು. ತಪ್ಪಿದಲ್ಲಿ ಆ ಗುಂಪಿಗೆ ಹಾಲ್ ಟಿಕೆಟ್ ಇಲ್ಲ.' ಪ್ರಿನ್ಸಿಪಾಲರು "ಸ್ವಲ್ಪ ಖಾರ ಆತಲ್ರಿ" ಎಂದರು. ಖಾರವಿಲ್ಲದೆ ಹುಬ್ಬಳ್ಳಿಯಲ್ಲಿ ಯಾವ ಪದಾರ್ಥ ನಡೆಯುತ್ತದೆ ಎಂದೆ.

ಸೋಮವಾರ ತೆರೆದು ನೋಡಿದರೆ ಎಲ್ಲ ಗುಂಪುಗಳೂ ಹಸಿರು. ನಾಲ್ಕನೆಯದೊಂದೇ ಕೆಂಪು. 'ಐವರು ಒಪ್ಪಿಸಿದ್ದಾರೆ, ಒಬ್ಬರು ಬಾಕಿ' ಎಂದು ಬರೆದಿತ್ತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಗುಂಪನ್ನು ಕರೆಸಿದೆ. ಐವರು ಬಂದರು. ಸುಮಂಗಲಾಳ ಕಣ್ಣು ಆಗಲೇ ತುಂಬಿದ್ದವು. ಹಾಲ್ ಟಿಕೆಟ್ ಬರದಿದ್ದರೆ ಅವಳ ವರ್ಷವೇ ಹೋಗುತ್ತಿತ್ತು. ವರ್ಷ ಹೋದರೆ ಓದು ಬಿಡಿಸಿ ಮದುವೆ ಮಾಡಲು ಅವಳ ಸೋದರಮಾವ ತಯಾರಾಗಿ ಬಂದು ಕೂತಿದ್ದ. ನಾನು ಕರಗಲಿಲ್ಲ. ತಿಜೋರಿಯಿಂದ ಶುರುಮಾಡಿ ಕಟ್ಟಿಗೆಯವರೆಗೆ ಪೂರ್ತಿ ಸಿದ್ಧಾಂತ ಹೇಳಿದೆ. ಒಬ್ಬನ ಸೋಮಾರಿತನದಿಂದ ಐವರ ಬಾಳು ಹಾಳಾಗುವ ಬಗೆಯನ್ನು ಇಪ್ಪತ್ತು ನಿಮಿಷ ಬಣ್ಣಿಸಿದೆ. ಆ ದಿನದಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ಹುಡುಗರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

"ಹೇಳ್ರಿ, ಯಾರು ಆ ಪುಣ್ಯಾತ್ಮ? ಹೆಸರು ಹೇಳೂತನಾ ಬಿಡೂದಿಲ್ಲ," ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಸುಮಂಗಲಾ ಮೆಲ್ಲಗೆ, "ನಾವು ಐದೂ ಮಂದಿ ದೇಶಪಾಂಡೆ ನಗರದ ಕೆಫೆದಾಗ ಕೂತು ಒತ್ತೇವ್ರಿ ಸರ್," ಎಂದಳು.

"ಹಂಗಾರ ಆರನೇದಾಂವ ಯಾರವಾ?"

"ನೀವಽ ರಿ ಸರ್."

ಪಟ್ಟಿ ತೆರೆದೆ. ಕುಂದಗೋಳ ಬಸ್ಸಿನ ಐವರ ಕೆಳಗೆ, ನವನಗರದಲ್ಲಿ ಮನೆ ಮಾಡಿಕೊಂಡು ಕುಂದಗೋಳದ ದಿಕ್ಕಿಗೇ ಹೋಗದ ನಾನು, ಪೂರ್ತಿ ಹೆಸರಿನೊಂದಿಗೆ ಕೂತಿದ್ದೆ.

"ಗೊತ್ತಿದ್ದೂ ಯಾಕ ಹೇಳಲಿಲ್ಲ?" ಎಂದೆ. ದನಿ ಸಿದ್ಧಾಂತದ ಹೊತ್ತಿನದಾಗಿರಲಿಲ್ಲ.

"ನಮ್ಮ ಮ್ಯಾಲ ಕಣ್ಣಿಡಾಕ ಸೇರೀರಿ ಅಂತ ತಿಳಕೊಂಡಿದ್ವಿರಿ. ಕೆಲಸಾನೂ ಆರು ಪಾಲು ಮಾಡಿದ್ವಿ. ಉಪಸಂಹಾರ ಸಣ್ಣದು ಅಂತ ನಿಮಗ ಬಿಟ್ಟಿದ್ವಿ. ಶುಕ್ರವಾರತನಕ ಹಾದಿ ನೋಡಿ, ಬರಲಿಲ್ಲಂತ ನಾವಽ ಬರದ್ವಿರಿ." ಆಮೇಲೆ ಸೇರಿಸಿದಳು: "ನಿಮ್ಮ ಪಾಸ್‌ವರ್ಡ್ ಇಲ್ಲೇ ಮಾನಿಟರಿಗೆ ಅಂಟಿಸೀರಿ, ಎಲ್ಲಾರಿಗೂ ಗೊತ್ತೈತಿ. ಆದ್ರ ಗುರುಗಳ ಹೆಸರಿನ ಗುಂಡಿ ನಾವು ಒತ್ತೋದು ಛಲೋ ಅಲ್ಲಂತ ಬಿಟ್ವಿರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮರ್ಯಾದೆಯನ್ನು ತಡೆದುಕೊಳ್ಳಲಾಗಲಿಲ್ಲ. ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲ ಒಪ್ಪಿಕೊಂಡೆ, ಹುಡುಗರ ಹಾಲ್ ಟಿಕೆಟ್ ತಪ್ಪಬಾರದು ಎಂದೆ. ಅವರು ನಗಲಿಲ್ಲ. ನಕ್ಕಿದ್ದರೆ ಛಲೋ ಇತ್ತು. ನನ್ನ ನೋಟೀಸಿನ ಪ್ರತಿಯನ್ನು ತೆಗೆದು ಕನ್ನಡಕ ಏರಿಸಿ ಓದಿದರು.

"ಕೆಂಪು ತಗದು ಹಸಿರು ಮಾಡೂಣಂತ, ಅದಕ್ಕೇನು. ಸ್ವಹಸ್ತದಿಂದ ಅರ್ಜಿ ಬರದು ತರ್ರಿ," ಎಂದರು. ಬಾಗಿಲವರೆಗೆ ಹೋದ ಮೇಲೆ ಮತ್ತೆ ಕರೆದರು. "ಪಾಲಕರ ಸಹಿ ಮರೀಬ್ಯಾಡ್ರಿ. ನಿಯಮ ನೀವಽ ಮಾಡಿದ್ದು."

ನನ್ನ ತಂದೆ ತಾಯಿ ತೀರಿ ವರ್ಷಗಳಾಗಿದ್ದವು. ಸದ್ಯಕ್ಕೆ ನನ್ನನ್ನು ಪಾಲಿಸುತ್ತಿರುವವಳು ಒಬ್ಬಳೇ. ಸಂಜೆ ನವನಗರದ ಮನೆಯಲ್ಲಿ ಹೆಂಡತಿಯ ಮುಂದೆ ಅರ್ಜಿ ಇಟ್ಟೆ. ಅವಳು ರೊಟ್ಟಿಯ ಹಿಟ್ಟಿನ ಕೈ ತೊಳೆದು ಬಂದು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು.

"ಹಾಜರೀನರ ಬರೋಬ್ಬರಿ ಐತೋ ಇಲ್ಲೋ?" ಎಂದು ಕೇಳಿದಳು.

"ಸುಮ್ನ ಸಹಿ ಮಾಡು ಮಾರಾಯ್ತಿ. ಐದು ಹುಡುಗರ ವರ್ಷದ ಪ್ರಶ್ನೆ ಐತಿ."

ಸಹಿ ಮಾಡಿದಳು. ಸುಮಂಗಲಾಳ ಗುಂಪು ಮರುದಿನ ಹಸಿರಾಯಿತು, ಹಾಲ್ ಟಿಕೆಟೂ ಬಂತು, ಸೋದರಮಾವ ಬಂದ ದಾರಿಗೆ ಸುಂಕವಿಲ್ಲವೆಂದು ಊರಿಗೆ ಹೋದ. ಆದರೆ ಅರ್ಜಿಯನ್ನು ಪ್ರಿನ್ಸಿಪಾಲರು ಓದಿ ಫೈಲಿಗೆ ಹಾಕುವಾಗಲಷ್ಟೇ ನಾನು ನೋಡಿದೆ. ಸಹಿಯ ಕೆಳಗೆ ಹೆಂಡತಿ ಸಣ್ಣ, ದುಂಡಗಿನ ಅಕ್ಷರಗಳಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: 'ಮನೆಯಲ್ಲೂ ತಿಜೋರಿ ಎತ್ತುವಾಗ ಇವರು ಬರೀ ಹುಷಾರ್ ಹುಷಾರ್ ಅನ್ನುತ್ತಾರೆ.'