ಸೊನ್ನೆಯಲ್ಲಿ ಮಲಗಿದ ಕುದೇರಿನ ಗೆರೆ

ಒಂದು ಊರಿನಿಂದ ಎಚ್‌ಐವಿಯನ್ನು ಒಬ್ಬನೇ ಓಡಿಸಿದ ಮಹಾಪುರುಷ ನಾನು! ಈ ನಂಬಿಕೆ ಪೂರಾ ಒಂದು ವಾರ ಬಾಳಿತು.

ಚಾಮರಾಜನಗರದ ಒಂದು ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕ. ನಮ್ಮ ಕೇಂದ್ರದ ಲೆಕ್ಕದ ಪ್ರಕಾರ ಯಾವ ಊರಲ್ಲಿ ಸೋಂಕು ವರ್ಷದಿಂದ ವರ್ಷಕ್ಕೆ ಏರಿದೆ, ಎಲ್ಲಿ ಇಳಿದಿದೆ ಎಂದು ಗ್ರಾಫ್ ಬರೆಯುವ ಕೆಲಸವೂ ನನ್ನದೇ. ಈ ಸಲ ಬರೆದಾಗ ಬೇರೆ ಊರುಗಳ ಗೆರೆಗಳು ಏರುತ್ತ ಇಳಿಯುತ್ತ ಸಾಗಿದ್ದರೆ, ಕುದೇರಿನ ಗೆರೆ ಮಾತ್ರ ಮೂರು ವರ್ಷದ ಹಿಂದೆ ದಡಕ್ಕನೆ ಬಿದ್ದು ಸೊನ್ನೆಯಲ್ಲೇ ಮಲಗಿತ್ತು. ನನಗೆ ರೋಮಾಂಚನ! ಏಕೆಂದರೆ ಕುದೇರು ನನ್ನ ಹೆಂಡತಿಯ ತವರು, ಮೂರು ವರ್ಷದ ಹಿಂದೆ ಅಲ್ಲಿ ನಡೆದದ್ದು ನನ್ನ ಮದುವೆ. ತಾಳಿ ಕಟ್ಟಿದ ಕೈಯಲ್ಲೇ ಮೈಕ್ ಹಿಡಿದು, ಊಟಕ್ಕೆ ಕಾದಿದ್ದ ಇಡೀ ಊರಿಗೆ ಎಚ್‌ಐವಿ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದೆ. "ಪರೀಕ್ಷೆಗೆ ಬನ್ನಿ, ಅಲ್ಲಿ ನಾನೇ ಇರ್ತೀನಿ!" ಎಂದು ಮುಗಿಸಿದ್ದೆ. ಆ ಭಾಷಣದ ಫಲವೇ ಇದು, ಸಂಶಯವೇ ಬೇಡ.

ಸಭೆಯಲ್ಲಿ ಮೇಲಧಿಕಾರಿಗಳು ಬೆನ್ನು ತಟ್ಟಿದರು. "ಹಾಗಾದರೆ ನೀವು ತಿಂಗಳಿಗೊಮ್ಮೆ ಕುದೇರಿಗೆ ತಗೊಂಡು ಹೋಗುವ ಪರೀಕ್ಷಾ ವಾಹನ ನಿಲ್ಲಿಸೋಣ. ಸೋಮವಾರ ಸಹಿ ಹಾಕ್ತೀನಿ," ಎಂದರು. ನಾನು ಧನ್ಯನಾದೆ.

ಮನೆಗೆ ಬಂದು ಹೆಂಡತಿ ಮಂಜುಳಾಗೆ ಗ್ರಾಫ್ ತೋರಿಸಿದೆ. ಅವಳು ಕೈಲಿದ್ದ ಸೌಟು ಕೆಳಗಿಟ್ಟಳು.

"ರೀ, ನಮ್ಮೂರೋರು ಎಷ್ಟ್ ಜನ ಪರೀಕ್ಸೆ ಮಾಡಿಸ್ಕಂಡವ್ರೆ, ಅದ್ ನೋಡುದ್ರಾ?"

ನೋಡಿರಲಿಲ್ಲ. ವಾಹನದ ಹತ್ತಿರ ಯಾರೂ ಸುಳಿಯದಿದ್ದಾಗಲೆಲ್ಲ, ಊರಿಗೆ ಪರೀಕ್ಷೆಯ ಅಗತ್ಯವೇ ಇಲ್ಲ ಎಂದು ಹಿಗ್ಗಿದ್ದೆ. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಮೂರು ವರ್ಷದಲ್ಲಿ ಒಬ್ಬರೂ ಇಲ್ಲ!

"ಊರಳಿಯನ ಮುಂದೆ ಕೂತ್ಕಂಡು ಇಂತದ್ದೆಲ್ಲಾ ಯಾರ್ ಯೇಳ್ತಾರೆ? ನಮ್ಮವ್ವನ ಕಿವಿಗೆ ಬಿದ್ದಾತು ಅಂತ ಎದ್ರಿಕೆ. ಆಗೋರು ಬಸ್ ಅತ್ಕಂಡು ಗುಂಡ್ಲುಪೇಟೆಗೆ ಓಯ್ತಾರೆ. ಕೂಲಿ ಬುಟ್ಟು ಓಗಕಾಗ್ದೋರು ಸುಮ್ಕವ್ರೆ."

"ನಾನು ಯಾರ ಗುಟ್ಟನ್ನೂ ಹೇಳಲ್ಲ ಕಣೇ!"

"ನಂಗ್ ಗೊತ್ತು. ಊರ್ಗೆ ಗೊತ್ತಾ? ಮದ್ವೇಲಿ ನಿಮ್ ಬಾಯಿ ನೋಡವ್ರಲ್ಲಾ!"

ಬೇಗ ಗೊತ್ತಾದರೆ ಮಾತ್ರೆ ನುಂಗುತ್ತ ಎಲ್ಲರಂತೆ ಬದುಕಬಹುದು. ಗೊತ್ತೇ ಆಗದೆ ಸುಮ್ಮನೆ ಕೂತವರ ಗತಿ? ನನ್ನಿಂದ, ಬರೀ ನನ್ನಿಂದ! ನಾಚಿಕೆಯಾಗಿ ಗ್ರಾಫನ್ನು ಮಡಚಿಟ್ಟೆ.

ಸೋಮವಾರ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. "ಸಾರ್, ಕುದೇರಿನಲ್ಲಿ ಇಳಿದದ್ದು ಸೋಂಕಲ್ಲ, ಪರೀಕ್ಷೆ. ಕಾರಣ ನಾನು." ಅವರು ಪೆನ್ನು ಮುಚ್ಚಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಾಹನ ಉಳಿಯಿತು. ನನ್ನನ್ನು ಗುಂಡ್ಲುಪೇಟೆಯ ಪರೀಕ್ಷಾ ಕೇಂದ್ರಕ್ಕೆ ಎತ್ತಿ ಹಾಕಿ, ಅಲ್ಲಿ ಆಪ್ತಸಮಾಲೋಚಕಿಯಾಗಿದ್ದ ಮೇಡಂ ಅವರನ್ನು ಇಲ್ಲಿಗೆ ತಂದರು.

ಗುಂಡ್ಲುಪೇಟೆಯ ಮೊದಲ ದಿನವೇ ಕುದೇರಿನ ಹಿರಿಯರೊಬ್ಬರು ಬಾಗಿಲು ತಳ್ಳಿ ಒಳಗೆ ಬಂದರು. ನನ್ನ ಮುಖ ಕಂಡರು. "ಅಳೀಮಯ್ಯ! ಗೋಪಾಲಸ್ವಾಮಿ ಬೆಟ್ಟಕ್ ಒಂಟಿದ್ದೆ, ದಾರಿ ತಪ್ತು ಕಣಪ್ಪ!" ಎಂದು ಹಿಂದಕ್ಕೆ ಓಡಿದರು.

"ಮಾವ, ಚಾಮರಾಜನಗರದಲ್ಲಿ ಈಗ ನಾನಿಲ್ಲ!" ಎಂದು ಕೂಗಿದೆ. ಆ ಶುಭ ಸಮಾಚಾರ ಸಂಜೆಯ ಬಸ್ಸಿನಲ್ಲೇ ಊರು ಮುಟ್ಟಿರಬೇಕು.

ಮುಂದಿನ ಸಭೆಯಲ್ಲಿ ಮೇಡಂ ತೋರಿಸಿದ ಗ್ರಾಫಿನಲ್ಲಿ ಕುದೇರಿನ ಪರೀಕ್ಷೆಯ ಗೆರೆ ತಲೆ ಎತ್ತಿ ನಿಂತಿತ್ತು. ಸೋಂಕಿದ್ದವರಿಗೆ ಮಾತ್ರೆ ಶುರುವಾಗಿತ್ತು. ಗೆದ್ದೆವು! ನನಗೆ ಕಣ್ಣು ತುಂಬಿ ಬಂತು.

"ಈ ಯಶಸ್ಸಿಗೆ ಏನು ಕಾರಣ?" ಹೊಸದಾಗಿ ಬಂದಿದ್ದ ಅಧಿಕಾರಿ ಕೇಳಿದರು.

ಮೇಡಂ ನನ್ನ ಕಡೆ ನೋಡಿ ಕಡತದೊಳಗೆ ಮುಖ ತಗ್ಗಿಸಿದರು. ಪಾಪ, ಸಂಕೋಚ. ನಾನೇ ಎದ್ದು ಎದೆಯುಬ್ಬಿಸಿ ಹೇಳಿದೆ:

"ನಾನು ಇಲ್ಲದಿದ್ದುದು ಸಾರ್!"