ಕರಡಿಗೆ ಹದಿಮೂರರ ಮಗ್ಗಿ

ನಮ್ಮ ಸೋದರಮಾವ ಈ ಲೋಕದಲ್ಲಿ ‘ರೀ’ ಹಚ್ಚಿ ಮಾತಾಡಿಸುತ್ತಿದ್ದದ್ದು ಕರಡಿಯನ್ನು ಮಾತ್ರ! ಊರ ಗೌಡರಿಗೂ ಅವನ ಬಾಯಲ್ಲಿ ‘ಲೇ’ಯೇ ಗತಿ. ಗುಡ್ಡದ ಬುಡ ಮುಟ್ಟಿದನೋ, ಟೊಪ್ಪಿಗೆ ತೆಗೆದು ಬಂಡೆಗಳ ಕಡೆ ತಿರುಗಿ, “ಬರಾಕತ್ತೀವ್ರೀ. ಸಣ್ಣ ಹುಡುಗ್ರು ಅದಾರ. ಸ್ವಲ್ಪ ಬಾಜೂಕ ಸರೀರಿ” ಎಂದು ವಿನಂತಿಸುತ್ತಿದ್ದ. ಕರಡಿ ಉತ್ತರ ಕೊಡುತ್ತಿರಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದು ನಾವು ಹತ್ತುತ್ತಿದ್ದೆವು.

ಅವನ ಮನೆ ಗುರುಗುಂಟಾದಲ್ಲಿ, ನಮ್ಮದು ಲಿಂಗಸುಗೂರಿನಲ್ಲಿ. ದಸರೆ ಮುಗಿದು ಸೀತಾಫಲ ಹಣ್ಣಾಗುವ ಗುರುತಿಗೆ ಕಣ್ಣು ಬಿಟ್ಟವೆಂದರೆ ಸಾಕು, ನಾನು, ನನ್ನ ಇಬ್ಬರು ತಮ್ಮಂದಿರು, ಐದು ವರ್ಷದ ತಂಗಿ, ಜೊತೆಗೆ ಅವನ ಎರಡು ನಾಯಿ, ಎಲ್ಲರ ದಂಡು ಕಟ್ಟಿಕೊಂಡು ಮಾವ ಛತ್ರಿ ಹಿಡಿದು ಗುಡ್ಡಕ್ಕೆ ಹೊರಡುತ್ತಿದ್ದ. ಸೀತಾಫಲವೆಂದರೆ ಕರಡಿಗೂ ಪ್ರಾಣ. ಅದು ಗೊತ್ತಿದ್ದೂ ಮಕ್ಕಳನ್ನು ಅಲ್ಲಿಗೇ ಒಯ್ಯುವವನಿಗೆ ಏನನ್ನಬೇಕು? ಅವ್ವ ಅಂದೇಬಿಡುತ್ತಿದ್ದಳು: “ಅಣ್ಣಾ, ನಿನಗ ಮಕ್ಕಳಿಲ್ಲ. ಅದಕ್ಕ ನಿನಗ ಇಷ್ಟು ಧೈರ್ಯ.”

ಮಾವ ನಕ್ಕು ನಾಯಿಗಳ ಹಗ್ಗ ಬಿಗಿ ಮಾಡುತ್ತಿದ್ದ.

ನಾಯಿಗಳ ಹೆಸರು ಜಮಾದಾರ ಮತ್ತು ದಫೇದಾರ. ಒಮ್ಮೆ ಲಿಂಗಸುಗೂರಿನ ಪೇಟೆಯಲ್ಲಿ ಮಾವ, “ಲೇ ಜಮಾದಾರ, ಆ ಎಲುಬು ಬಿಡಲೇ!” ಎಂದು ಗದರಿಸಿದಾಗ, ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದ ಪೊಲೀಸ್ ಜಮಾದಾರರೊಬ್ಬರು ಗಾಬರಿಯಾಗಿ ಕೈಯಲ್ಲಿದ್ದದ್ದನ್ನು ತಾಟಿಗೆ ಹಾಕಿದ್ದರು.

ಗುಡ್ಡದಲ್ಲಿ ಮಾವನ ಕಾನೂನು ಎರಡೇ. ಮೊದಲನೆಯದು, ನಾಯಿಯ ಹಗ್ಗ ಬಿಡಬಾರದು. “ಬಿಟ್ಟ ನಾಯಿ ಕರಡೀನ ಹುಡುಕತೈತಿ. ಹುಡುಕಿ, ಹೆದರಿ, ಓಡಿ ನಮ್ಮ ಕಡೇನ ಬರತೈತಿ. ಬರೂವಾಗ ಒಂದ ಬರೂದಿಲ್ಲ!” ಎರಡನೆಯದು, ಬಾಯಿ ಮುಚ್ಚಬಾರದು. ಕರಡಿಗೆ ಕಣ್ಣು ಮಂದ. ತಟ್ಟನೆ ಎದುರಾದರೆ ಬೆದರಿ ಮೈಮೇಲೆ ಬೀಳುತ್ತದೆ, ದೂರದಿಂದಲೇ ಸದ್ದು ಕೇಳಿದರೆ ತಾನೇ ಸರಿದು ಹೋಗುತ್ತದೆ. ಅದಕ್ಕೇ ನಾವು ದಾರಿಯುದ್ದಕ್ಕೂ ಗಂಟಲು ಹರಿಯುವಂತೆ ಮಗ್ಗಿ ಹೇಳಬೇಕು!

ನಿಜಾಮರ ಆಳ್ವಿಕೆ ಹೋಗಿ ನಮ್ಮ ಶಾಲೆಗೆ ಉರ್ದುವಿನ ಬದಲು ಕನ್ನಡ ಬಂದಿದ್ದ ಹೊಸತು. ನಾವು ‘ಎರಡೊಂದ್ಲೆ ಎರಡು’ ಶುರು ಮಾಡಿದರೆ ಮಾವನಿಗೆ ಚಿಂತೆ. “ಈ ಗುಡ್ಡದ ಕರಡಿ ಹುಟ್ಟಿದಾಗಿಂದ ಉರ್ದು ಮಗ್ಗಿ ಕೇಳ್ಯಾವ. ಕನ್ನಡ ಕೇಳಿ, ಯಾರೋ ಹೊಸಬ್ರು ಬಂದಾರಂತ ನೋಡಾಕ ಬಂದ್ರ?”

“ಮಾಮಾ, ಅವಕ್ಕೂ ಕನ್ನಡ ಸಾಲಿ ತಗಸು” ಎಂದ ದೊಡ್ಡ ತಮ್ಮ.

“ಮೊದಲ ನೀ ಪಾಸಾಗಲೇ!”

ಆ ವರ್ಷ ಅವ್ವನೂ ಗುರುಗುಂಟಾಕ್ಕೆ ಬಂದಿದ್ದಳು. ಅವಳನ್ನು ಮನೆಯಲ್ಲಿ ಬಿಟ್ಟು ಹೊರಟ ನಾವು ಹನ್ನೆರಡರ ಮಗ್ಗಿ ಮುಗಿಯುವ ಹೊತ್ತಿಗೆ ಗುಡ್ಡದ ನೆತ್ತಿ ಸಮೀಪಿಸಿದ್ದೆವು. ಹದಿಮೂರು ನಮಗೆ ಯಾರಿಗೂ ಬರುತ್ತಿರಲಿಲ್ಲ. ತಪ್ಪು ಮಾಸ್ತರರದು ಎಂದು ಇವತ್ತಿಗೂ ನನ್ನ ವಾದ! ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದೆವು. ಅಷ್ಟರಲ್ಲಿ ನನ್ನ ತಲೆಯ ಮೇಲೆ ಕಣ್ಣು ಬಿಟ್ಟ ದೊಡ್ಡದೊಂದು ಹಣ್ಣು ಕಾಣಿಸಿತು. ಎರಡೂ ಕೈ ಚಾಚಿದೆ. ನಾನು ಹಿಡಿದಿದ್ದ ಹಗ್ಗ ಜಾರಿತು, ಜಮಾದಾರ ಬಂಡೆಗಳ ಸಂದಿಗೆ ನುಗ್ಗಿದ.

ಹೋದಷ್ಟೇ ಬೇಗ ಬಾಲ ಮಡಚಿಕೊಂಡು ತಿರುಗಿ ಬಂದ. ಹಿಂದೆಯೇ ಕರಡಿ.

ಹತ್ತು ಮಾರು ಆಚೆ ತಂಗಿ ಒಬ್ಬಳೇ ಕಲ್ಲಿನ ಮೇಲೆ ಕೂತು ಹಣ್ಣು ತಿಂದು ಬೀಜ ಉಗುಳುತ್ತಿದ್ದಳು. ಆ ಶೂರ ಜಮಾದಾರ ಹೋಗಿ ಅಡಗಿದ್ದು ಅವಳ ಲಂಗದ ಹಿಂದೆ! ಹಗ್ಗ ಬಿಟ್ಟವಳು ನಾನು, ನನ್ನ ತಂಗಿಯನ್ನು ನಾನೇ ಕೊಂದೆ ಎನಿಸಿತು.

ಮಾವ ಓಡಲಿಲ್ಲ. ದೊಡ್ಡ ಹೆಜ್ಜೆ ಹಾಕಿ ಹೋಗಿ ತಂಗಿಯನ್ನು ಬಗಲಿಗೆತ್ತಿಕೊಂಡ, ಇನ್ನೊಂದು ಕೈಯಿಂದ ಛತ್ರಿ ಬಿಚ್ಚಿ ಮುಂದೆ ಹಿಡಿದ. ಹಿಡಿದು, ಗಟ್ಟಿ ದನಿಯಲ್ಲಿ, “ತೇರಾ ಏಕಮ್ ತೇರಾ ರೀ! ತೇರಾ ದೂನಿ ಛಬ್ಬೀಸ್ ರೀ!” ಎಂದು ಉರ್ದು ಮಗ್ಗಿ ಶುರು ಮಾಡಿದ. ಕರಡಿ ಹಿಂಗಾಲ ಮೇಲೆ ನಿಂತು ಮೂಗೆತ್ತಿತು. ಮಾವ ಒಂದೊಂದು ಲೆಕ್ಕಕ್ಕೆ ಒಂದೊಂದು ಹೆಜ್ಜೆ ಹಿಂದೆ ಸರಿದ. ಮಗ್ಗಿ ಅರ್ಧ ದಾಟುವುದರೊಳಗೆ ಕರಡಿ ಮುಂಗಾಲು ಊರಿ, ಬೆನ್ನು ತಿರುಗಿಸಿ ಬಂಡೆಗಳಲ್ಲಿ ಮರೆಯಾಯಿತು. ಹದಿಮೂರರ ಮಗ್ಗಿ ಪೂರ್ತಿ ಕೇಳುವ ತಾಳ್ಮೆ ಯಾರಿಗಿರುತ್ತದೆ ಹೇಳಿ!

ಇಳಿಯುವಾಗ ಮಾವ ನನ್ನನ್ನು ಬೈಯಲಿಲ್ಲ. ತಂಗಿ ಅವನ ಹೆಗಲ ಮೇಲೆ ನಿದ್ದೆ ಹೋದಳು. ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದ ಅವ್ವನಿಗೆ ತಮ್ಮಂದಿರು ಎಲ್ಲವನ್ನೂ ಒಂದೇ ಉಸಿರಿಗೆ ಊದಿಬಿಟ್ಟರು. ಅವ್ವ ಬೈಯಲು ಬಾಯಿ ತೆರೆದವಳೇ ಮಗುವನ್ನು ಇಸಿದುಕೊಳ್ಳಲು ಕೈಚಾಚಿದಳು.

ಮಗು ಬರಲಿಲ್ಲ. ಮಾವನ ಬೆರಳುಗಳು ಅವಳ ಲಂಗವನ್ನು ಹಿಡಿದಿದ್ದವು. ಬಿಡಲು ನೋಡುತ್ತಿದ್ದ, ಅವು ಅವನ ಮಾತು ಕೇಳುತ್ತಿರಲಿಲ್ಲ.

ಅವ್ವ ಬೈಗುಳ ನುಂಗಿಕೊಂಡು, ಅವನನ್ನು ಕಟ್ಟೆಯ ಮೇಲೆ ಕೂರಿಸಿ ಪಕ್ಕದಲ್ಲಿ ಕೂತಳು. ಒಂದೊಂದೇ ಬೆರಳು ಬಿಡಿಸಿದಳು. “ಅಣ್ಣಾ, ಮನೀಗ ಬಂದೀರಿ. ಬಿಡು ಇನ್ನ.”

“ಕೂಸಿಗೆ ಏನೂ ಆಗಿಲ್ಲ, ಹೌದಿಲ್ಲ?” ಎಂದ ಮಾವ. “ಇನ್ನೊಮ್ಮೆ ನೋಡವಾ.”

ಅವ್ವ ಆಗಲೇ ನೋಡಿದ್ದಳು. ಆದರೂ ಅವನಿಗೆ ಕಾಣುವ ಹಾಗೆ ತಂಗಿಯ ಕೈ, ಕಾಲು, ಕತ್ತು, ಎಲ್ಲವನ್ನೂ ನಿಧಾನವಾಗಿ ಇನ್ನೊಮ್ಮೆ ನೋಡಿದಳು.